ಡೋಣಿ ದಂಡೆಯ ಬಿಳಿಜೋಳದ ಹೊಲಗಳಲ್ಲಿ

ವಿಜಯಪುರಕ್ಕೆ ಕ್ಯಾಮೆರಾ ಹಿಡಿದು ಬರುವವರಲ್ಲಿ ಹೆಚ್ಚಿನವರು ಗೋಳಗುಮ್ಮಟ, ಇಬ್ರಾಹಿಂ ರೋಜಾ ನೋಡಿಕೊಂಡು ಅದೇ ಸಂಜೆ ಊರು ಬಿಡುತ್ತಾರೆ. ಇದೇ ಊರಿನವನಾದ ನಾನೂ, ಗುಡ್ಡವಿಲ್ಲದ, ಕಾಡಿಲ್ಲದ ಈ ಎರೆಭೂಮಿಯಲ್ಲಿ ಚಿತ್ರ ತೆಗೆಯುವಂಥದ್ದು ಏನಿದೆ ಎಂದೇ ಬಹಳ ವರ್ಷ ತಿಳಿದಿದ್ದೆ. 2024ರ ಡಿಸೆಂಬರ್ 30ರಂದು, ಎಳ್ಳ ಅಮಾವಾಸ್ಯೆಯ ದಿನ, ಸಾರವಾಡದ ಹತ್ತಿರದ ಹೊಲಗಳಲ್ಲಿ ಒಂದು ಬೆಳಗು ಕಳೆದ ಮೇಲೆ ಆ ತಿಳಿವಳಿಕೆ ಹೋಯಿತು. ಜನವರಿ ಕೊನೆಯಲ್ಲಿ ಮತ್ತೆ ಅಲ್ಲಿಗೇ ಹೋದೆ.

ಸಾರವಾಡವು ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ರಸ್ತೆಯಲ್ಲಿ ಸುಮಾರು 15 ಕಿ.ಮೀ. ದೂರದಲ್ಲಿದೆ. ಬಸ್ಸುಗಳಿವೆ, ಆದರೆ ಬೆಳಕು ಹರಿಯುವ ಮುನ್ನವೇ ಹೊಲದಲ್ಲಿರಬೇಕಾದವರಿಗೆ ಸ್ವಂತ ವಾಹನವೇ ಅನುಕೂಲ. ಆ ದಿನಗಳಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 7 ಗಂಟೆಗೆ ನಾಲ್ಕೈದು ನಿಮಿಷ ಮೊದಲು. ಆರೂ ಕಾಲಿಗೆ ಡೋಣಿ ನದಿಯ ಸೇತುವೆಯ ಹತ್ತಿರ ತಲುಪಿದರೆ ಟ್ರೈಪಾಡ್ ಹೂಡಿಕೊಳ್ಳಲು ಸಾಕಷ್ಟು ಸಮಯ ಸಿಗುತ್ತದೆ. ಡೋಣಿಯ ನೀರು ಸವುಳು, ಹರಿವು ಆಗ ಸಣ್ಣದು. ಆದರೂ 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಎಂಬ ಮಾತು ಹುಟ್ಟಿದ್ದು ಈ ದಂಡೆಯ ಕಪ್ಪು ಮಣ್ಣಿನಿಂದ.

ಮೊದಲ ದಿನ ನಾನು ಮಾಡಿದ ತಪ್ಪೆಂದರೆ ಜೋಳದ ನಡುವೆ ಹೊಕ್ಕು ನಿಂತದ್ದು. ಹಿಂಗಾರಿ ಬಿಳಿಜೋಳ ಆಳೆತ್ತರ ಬೆಳೆದಿರುತ್ತದೆಯಾದ್ದರಿಂದ ಒಳಗಿನಿಂದ ಎಲೆಗಳ ಹೊರತು ಏನೂ ಕಾಣುವುದಿಲ್ಲ. ಹೊಲದ ಒಡ್ಡಿನ ಮೇಲೋ, ಯಜಮಾನರು ಒಪ್ಪಿದರೆ ನಿಲ್ಲಿಸಿದ ಬಂಡಿಯ ಮೇಲೋ ಹತ್ತಿ ನಿಂತಾಗ ಮಾತ್ರ ತೆನೆಗಳ ಮೇಲ್ಪದರ ಒಂದೇ ಸಮನೆ ದಿಗಂತದವರೆಗೆ ಹೋಗಿ, ಅಲ್ಲೊಂದು ಬನ್ನಿ, ಇಲ್ಲೊಂದು ಬೇವು ನಿಂತಿರುವುದು ಚೌಕಟ್ಟಿಗೆ ಸಿಗುತ್ತದೆ. ಇಂಥ ಸಪಾಟು ನೆಲದಲ್ಲಿ ಅಗಲ ಕೋನದ ಲೆನ್ಸ್ ಎಲ್ಲವನ್ನೂ ತೆಳುವಾದ ಒಂದು ಗೆರೆಯನ್ನಾಗಿಸುತ್ತದೆ, 85 ಮಿ.ಮೀ.ಗಿಂತ ಉದ್ದದ ಲೆನ್ಸ್ ದೂರದ ಮರವನ್ನೂ ಹತ್ತಿರದ ತೆನೆಯನ್ನೂ ಕೂಡಿಸಿ ತೋರಿಸುವುದರಿಂದ ನನಗೆ ಅದೇ ಹೆಚ್ಚು ಒದಗಿತು.

ಎರೆ ಮಣ್ಣು ಕ್ಯಾಮೆರಾವನ್ನೂ ಏಮಾರಿಸುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದು ಬಣ್ಣದ ಕಡೆಗೆ ಎಳೆಯುವುದರಿಂದ, ಚೌಕಟ್ಟಿನ ತುಂಬ ಕಪ್ಪು ನೆಲವಿದ್ದಾಗ ಚಿತ್ರ ಬೆಳ್ಳಗಾಗಿ, ಆ ಮಣ್ಣಿನ ಗಾಢ ಬಣ್ಣವೇ ಕಳೆದುಹೋಗುತ್ತದೆ. ಎಕ್ಸ್‌ಪೋಷರ್ ಅನ್ನು ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಇಳಿಸಿಕೊಳ್ಳಿ. ಮೊಬೈಲಿನಲ್ಲಾದರೆ ಪರದೆಯ ಮೇಲೆ ಆಕಾಶದ ಬೆಳಗಿದ ಭಾಗವನ್ನು ಒತ್ತಿ ಹಿಡಿದು ಲಾಕ್ ಮಾಡಿ. ಒಂಬತ್ತೂವರೆಯ ನಂತರ ಬಿಸಿಲು ಚಪ್ಪಟೆಯಾಗುತ್ತದೆ, ಆಮೇಲೆ ಸಂಜೆ ನಾಲ್ಕೂವರೆವರೆಗೆ ಕ್ಯಾಮೆರಾ ಚೀಲದಲ್ಲಿದ್ದರೂ ನಷ್ಟವಿಲ್ಲ.

ಎರಡು ಪ್ರವಾಸಗಳಲ್ಲಿ ಒಂದನ್ನೇ ಆರಿಸಬೇಕಾದವರು ಏನನ್ನು ಬಯಸುತ್ತಾರೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಬಂದು, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಗೆ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲುತ್ತಾರೆ. ಪೂಜೆಯ ಹೊತ್ತಿನಲ್ಲಿ ದೂರ ನಿಲ್ಲಿ. ಕೇಳದೆ ಹೆಣ್ಣುಮಕ್ಕಳ ಚಿತ್ರ ತೆಗೆಯಬೇಡಿ. ಊಟಕ್ಕೆ ಕರೆದರೆ ಮಾತ್ರ ಒಲ್ಲೆ ಎನ್ನಬಾರದು. ನನ್ನನ್ನು ಕೂಡಿಸಿಕೊಂಡ ಮನೆಯವರು ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದ ಮೇಲೆ ತಾವಾಗಿಯೇ ಫೋಟೊ ತೆಗೆಯಲು ಹೇಳಿದರು, ಅಂದಿನ ಒಳ್ಳೆಯ ಚಿತ್ರಗಳೆಲ್ಲ ಊಟದ ನಂತರದವು. ಜನವರಿ ಕೊನೆಯಲ್ಲಿ ಈ ಗದ್ದಲವಿಲ್ಲ. ಆಗ ದನ ನುಗ್ಗದಿರಲೆಂದು ಹೊಲದ ಅಂಚಿಗೆ ಹಾಕಿದ ಕುಸುಬಿ ಹಳದಿ ಹೂ ಬಿಟ್ಟು, ಬಾಡುತ್ತ ಕೆಂಪಗಾಗುತ್ತಿರುತ್ತದೆ. ಹಾಲುಗಾಳಿನ ತೆನೆಗೆ ಬರುವ ಹಕ್ಕಿಗಳನ್ನು ಓಡಿಸಲು ಕವಣೆ ಬೀಸುವವರ ಕೂಗನ್ನು ಬಿಟ್ಟರೆ ಗಾಳಿಯ ಸದ್ದಷ್ಟೇ. ನನ್ನ ಮಟ್ಟಿಗೆ ಇದೇ ಮೇಲು. ಕುಸುಬಿಯ ಮುಳ್ಳು ಬಟ್ಟೆಯನ್ನೂ ದಾಟಿ ಚುಚ್ಚುತ್ತದೆಯಾದ್ದರಿಂದ ದಪ್ಪ ಪ್ಯಾಂಟು ಹಾಕಿಕೊಳ್ಳಿ. ಸೀತನಿ, ಅಂದರೆ ತಿನ್ನುವ ಹಸಿ ಜೋಳದ ತೆನೆ, ಸುಡುವ ಬೆಂಕಿ ಎಲ್ಲಿಯಾದರೂ ಕಂಡರೆ ಅಲ್ಲಿ ಕ್ಯಾಮೆರಾ ಕೆಳಗಿಡುವುದು ಅನಿವಾರ್ಯ.

ಮರುವರ್ಷ ಅಕ್ಟೋಬರಿನಲ್ಲಿ ಬಿತ್ತಿಗೆಯ ಚಿತ್ರಕ್ಕೆಂದು ಹೋದಾಗ ಹಿಂದಿನ ರಾತ್ರಿ ಮಳೆಯಾಗಿತ್ತು. ಹೊಲದ ದಾರಿಗೆ ಬೈಕು ಇಳಿಸಿ ನೂರು ಮಾರು ಹೋಗುವಷ್ಟರಲ್ಲಿ ಮಡ್‌ಗಾರ್ಡಿನೊಳಗೆ ಮಣ್ಣು ಕಿಕ್ಕಿರಿದು ಚಕ್ರ ತಿರುಗದಾಯಿತು. ದಾರಿಹೋಕರೊಬ್ಬರು ಕೊಟ್ಟ ಖುರಪಿಯಿಂದ ಒಂದು ತಾಸು ಕೆರೆದೆ. ಮಳೆ ನಿಂತ ಮೇಲೆ ಎರಡು ದಿನ ಬಿಸಿಲು ಬೀಳುವವರೆಗೆ ಕಾಯಿರಿ. ಅಷ್ಟು ಬಿಡುವಿಲ್ಲದಿದ್ದರೆ ವಾಹನವನ್ನು ಡಾಂಬರು ರಸ್ತೆಯಲ್ಲೇ ಬಿಟ್ಟು, ಚಪ್ಪಲಿಯನ್ನೂ ಅಲ್ಲಿಯೇ ಕಳಚಿ ನಡೆಯಿರಿ.