ಮೀಟಿಂಗ್ ರೂಮ್ ಫೋನ್‌ಗಳ ಡಯಲ್ ಪ್ಲಾನ್: ಇಲ್ಲಿಯವರೆಗೆ ಆದ ಕೆಲಸ

ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಹಳೆಯ ಇಪಿಎಬಿಎಕ್ಸ್ (ಕಚೇರಿಯೊಳಗಿನ ಫೋನ್ ಎಕ್ಸ್‌ಚೇಂಜ್) ತೆಗೆದು, ಅದೇ ಕೆಲಸವನ್ನು ಸಾಫ್ಟ್‌ವೇರ್‌ನಿಂದ ಮಾಡುವ ಆಸ್ಟರಿಸ್ಕ್ ಸರ್ವರ್ ಕೂರಿಸಿದ್ದೇವೆ. ಮೀಟಿಂಗ್ ರೂಮ್‌ಗಳ ಮೇಜಿನ ಮೇಲೆ ಪಾಲಿಕಾಮ್ ಸೌಂಡ್‌ಸ್ಟೇಷನ್ ಐಪಿ 6000. ಹಳೆಯ ಮಾಡೆಲ್ಲೇ, ಆದರೆ ಮೇಜಿನ ತುದಿಯಲ್ಲಿ ಕೂತವರ ಮಾತೂ ಸ್ಪಷ್ಟವಾಗಿ ಹೋಗುತ್ತದೆ. ಸರ್ವರ್‌ಗೆ ರಿಜಿಸ್ಟರ್ ಮಾಡುವುದು ಬೇಗ ಮುಗಿಯಿತು. ಸಮಯ ಹಿಡಿದದ್ದು ನಂಬರ್ ಒತ್ತುವ ನಿಯಮ, ಅಂದರೆ ಡಯಲ್ ಪ್ಲಾನ್. ಇದು ಅದರದ್ದೇ ದಾಖಲೆ.

211 ಹೋಗುತ್ತದೆ, 212 ಹೋಗುವುದಿಲ್ಲ

211, 212 ಕಚೇರಿಯೊಳಗಿನ ಎಕ್ಸ್‌ಟೆನ್ಷನ್ ನಂಬರ್‌ಗಳು. ರಿಸೆಪ್ಷನ್ ಮೇಡಂ ಬಂದು ಹೇಳಿದರು: "ಸರ್, ಮೀಟಿಂಗ್ ರೂಮಿಂದ 211 ಒತ್ತಿದ್ರೆ ತಕ್ಷಣ ರಿಂಗ್ ಆಗುತ್ತೆ. 212 ಒತ್ತಿದ್ರೆ ಸುಮ್ನೆ ಕೂತಿರುತ್ತೆ. ಅಕೌಂಟ್ಸ್‌ನವರ ಫೋನೇ ಕೆಟ್ಟಿರ್ಬೇಕು, ಒಂದ್ಸಲ ನೋಡಿ." ಅಕೌಂಟ್ಸ್ ಫೋನ್ ಚೆನ್ನಾಗಿಯೇ ಇತ್ತು. ಕಾರಣ ಮೀಟಿಂಗ್ ರೂಮಿನ ಫೋನಿನೊಳಗಿತ್ತು.

ಹಳೆಯ ಲ್ಯಾಂಡ್‌ಲೈನ್‌ನಲ್ಲಿ ಒಂದೊಂದು ಅಂಕಿ ಒತ್ತಿದಂತೆಲ್ಲ ಅದು ಎಕ್ಸ್‌ಚೇಂಜಿಗೆ ತಲುಪುತ್ತಿತ್ತು. ನಂಬರ್ ಪೂರ್ತಿಯಾಯಿತೇ ಇಲ್ಲವೇ ಎಂದು ತೀರ್ಮಾನಿಸುವುದು ಎಕ್ಸ್‌ಚೇಂಜಿನ ಕೆಲಸ. ನಮ್ಮ ಪಾಲಿಕಾಮ್‌ನಂತೆ ನೆಟ್‌ವರ್ಕ್ ಮೂಲಕ ಕರೆ ಮಾಡುವ ಎಸ್‌ಐಪಿ ಫೋನ್ ಸಾಮಾನ್ಯವಾಗಿ ಇಡೀ ನಂಬರನ್ನು ಒಟ್ಟಿಗೆ ಕಳಿಸುತ್ತದೆ. ಹಾಗಾಗಿ ನಂಬರ್ ಎಲ್ಲಿ ಮುಗಿಯಿತು ಎಂಬುದನ್ನು ಫೋನೇ ಗುರುತಿಸಬೇಕು. ಅದಕ್ಕಾಗಿ ಅದರೊಳಗೆ ಡಿಜಿಟ್ ಮ್ಯಾಪ್ ಎಂಬ ಸಾಲೊಂದಿದೆ. ಎಕ್ಸ್ ಅಂದರೆ ಯಾವುದೇ ಅಂಕಿ, ಚೌಕ ಆವರಣದೊಳಗೆ ಅಂಕಿಗಳ ವ್ಯಾಪ್ತಿ, ಟಿ ಅಂದರೆ ಸ್ವಲ್ಪ ಹೊತ್ತು ಕಾದು ಕಳಿಸು. ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ಉದ್ದಗೆರೆ.

ಫೋನಿನ ಜೊತೆ ಬರುವ ಮ್ಯಾಪ್ ಅಮೆರಿಕದ ನಂಬರ್‌ಗಳಿಗೆ ಬರೆದದ್ದು. ಅಲ್ಲಿ 411, 911 ಥರದ ಸೇವೆಗಳಿವೆ. 2ರಿಂದ 9ರೊಳಗಿನ ಅಂಕಿಯ ನಂತರ 11 ಬಂದರೆ ಫೋನ್ ಒಡನೆಯೇ ಕರೆ ಕಳಿಸುತ್ತದೆ. ನಮ್ಮ 211 ಆ ಬಾಗಿಲಿನಿಂದ ದಾಟಿಹೋಗುತ್ತಿತ್ತು. 212ಕ್ಕೆ ಹೊಂದುವ ಮೂರಂಕಿಯ ಮಾದರಿಯೇ ಇಲ್ಲ, ಹಾಗಾಗಿ ಫೋನ್ ಮುಂದಿನ ಅಂಕಿಗಾಗಿ ಕಾಯುತ್ತಿತ್ತು. ಇದಕ್ಕಿಂತ ಗಾಬರಿಯಾದದ್ದು ತುರ್ತು ಕರೆಯ 112ರ ವಿಷಯದಲ್ಲಿ. ಆ ಮ್ಯಾಪ್‌ನಲ್ಲಿ 112 ಇಲ್ಲ. ಯಾವ ಮಾದರಿಗೂ ಹೊಂದಲಾರದ ಅಂಕಿ ಬಂದ ಕೂಡಲೇ ಅಲ್ಲಿಯವರೆಗಿನದ್ದನ್ನು ಕಳಿಸಿಬಿಡು ಎಂಬುದು ಮೂಲ ಸೆಟ್ಟಿಂಗ್. ಅಂದರೆ 2 ಒತ್ತುವುದರೊಳಗೇ ಫೋನ್ ಅರ್ಧ ನಂಬರನ್ನು ಸರ್ವರ್‌ಗೆ ದಾಟಿಸಿರುತ್ತದೆ.

ಮ್ಯಾಪ್ ಬರೆಯುವ ಮೊದಲು

ಮೊದಲು ನಮ್ಮವರು ನಿಜವಾಗಿ ಯಾವ ನಂಬರ್ ಒತ್ತುತ್ತಾರೆ ಎಂದು ಸರ್ವರ್‌ನ ಕರೆ ದಾಖಲೆಯಲ್ಲಿ ನೋಡಿದೆ. ಈ ಕೆಲಸಕ್ಕೆ ಕೈಹಾಕುವವರು ಯಾರೇ ಆಗಲಿ, ಇಲ್ಲಿಂದಲೇ ಶುರುಮಾಡಿ ಎಂದು ಒತ್ತಿ ಹೇಳುತ್ತೇನೆ. ಕೈಪಿಡಿಯಲ್ಲಿರುವ ಉದಾಹರಣೆ ಬೇರೆ ದೇಶದ್ದು, ಮೇಜಿನ ಸುತ್ತ ಕೂತವರ ಅಭ್ಯಾಸ ಈ ಊರಿನದು.

ಮೊಬೈಲ್ ನಂಬರ್‌ಗಳು 6ರಿಂದ 9ರೊಳಗೆ ಶುರುವಾಗುವ ಹತ್ತಂಕಿ. 2021ರ ಜನವರಿ 15ರಿಂದ ಲ್ಯಾಂಡ್‌ಲೈನ್‌ನಿಂದ ಮೊಬೈಲಿಗೆ ಕರೆ ಮಾಡಲು ಮುಂದೆ ಸೊನ್ನೆ ಕಡ್ಡಾಯ. ಆದರೆ ಜನ ತಮ್ಮ ಮೊಬೈಲ್ ನೋಡಿಕೊಂಡು ಹತ್ತಂಕಿಯನ್ನಷ್ಟೇ ಒತ್ತುತ್ತಾರೆ. ಅವರನ್ನು ತಿದ್ದುತ್ತಾ ಕೂರುವ ಬದಲು ಸೊನ್ನೆಯನ್ನು ಆಸ್ಟರಿಸ್ಕ್‌ನಲ್ಲೇ ಸೇರಿಸಿದೆ. ಬೆಂಗಳೂರಿನೊಳಗಿನ ಲ್ಯಾಂಡ್‌ಲೈನ್ ಎಂಟಂಕಿ, 080 ಸೇರಿ ಹನ್ನೊಂದು. ಮೈಸೂರಿಗೆ 0821, ಹುಬ್ಬಳ್ಳಿಗೆ 0836, ಆಮೇಲೆ ಏಳಂಕಿ. ಒಟ್ಟು ಅಲ್ಲಿಯೂ ಹನ್ನೊಂದೇ. ಹಾಗಾಗಿ ಸೊನ್ನೆಯಿಂದ ಶುರುವಾಗುವ ದೇಶದೊಳಗಿನ ಎಲ್ಲ ಕರೆಗೂ ಒಂದೇ ಮಾದರಿ ಸಾಕು, ಕಾಯುವ ಗೋಜಿಲ್ಲ.

ಎಂಟಂಕಿಯ ಸ್ಥಳೀಯ ನಂಬರಿಗೆ ಬೇಕೆಂದೇ ಪ್ರತ್ಯೇಕ ಮಾದರಿ ಇಟ್ಟಿದ್ದೇನೆ. ಲ್ಯಾಂಡ್‌ಲೈನ್‌ನಿಂದ ಲ್ಯಾಂಡ್‌ಲೈನಿಗೆ ಊರೊಳಗೂ ಸೊನ್ನೆ ಮತ್ತು ಎಸ್‌ಟಿಡಿ ಕೋಡ್ ಒತ್ತುವಂತಾಗಬೇಕು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿದೆ. ಅದು ಜಾರಿಯಾದ ದಿನ ಆ ಒಂದು ಮಾದರಿಯನ್ನು ಅಳಿಸಿದರೆ ಆಯಿತು.

ಬಹಳ ತಲೆ ತಿಂದದ್ದು 1800. ಸ್ಟೇಟ್ ಬ್ಯಾಂಕಿನ 1800 1234 ಎಂಟಂಕಿ, ಅದೇ ಬ್ಯಾಂಕಿನ 1800 425 3800 ಹನ್ನೊಂದಂಕಿ. ಗ್ರಾಹಕ ಸಹಾಯವಾಣಿಯ 1800 11 4000 ಹತ್ತಂಕಿ. ಉದ್ದ ನೋಡಿ ನಿರ್ಧರಿಸುವಂತಿಲ್ಲ. ಇಲ್ಲಿ ಟಿ ಹಾಕಲೇಬೇಕು. ಪಾಲಿಕಾಮ್‌ನಲ್ಲಿ ಪ್ರತಿ ಮಾದರಿಗೂ ಬೇರೆ ಬೇರೆ ಕಾಯುವ ಸಮಯ ಕೊಡಬಹುದು. ಮೂಲದಲ್ಲಿ 3 ಸೆಕೆಂಡ್. 1800ಕ್ಕೆ ಮಾತ್ರ 4 ಮಾಡಿದೆ, ಏಕೆಂದರೆ ಇಂಥ ನಂಬರನ್ನು ಒಬ್ಬರು ಓದಿ ಹೇಳುತ್ತಾರೆ, ಇನ್ನೊಬ್ಬರು ಒತ್ತುತ್ತಾರೆ.

ಎಕ್ಸ್‌ಟೆನ್ಷನ್‌ಗಳನ್ನು 2ರ ಸಾಲಿನಿಂದ 5ರ ಸಾಲಿಗೆ ಬದಲಿಸಿದೆವು. 2ರಿಂದ ಶುರುವಾಗುವ ಲ್ಯಾಂಡ್‌ಲೈನ್‌ಗಳು ಊರ ತುಂಬ ಇವೆ, 6ರಿಂದ 9 ಮೊಬೈಲಿನದು, 1 ಸಹಾಯವಾಣಿಗಳದು. ನಮ್ಮವರು ಕರೆ ಮಾಡುವ ಯಾವ ಲ್ಯಾಂಡ್‌ಲೈನೂ 5ರಿಂದ ಶುರುವಾಗುವುದಿಲ್ಲ. ಈಗ ಮೂರನೇ ಅಂಕಿ ಒತ್ತಿದೊಡನೆ ರಿಂಗ್. ಅಕೌಂಟ್ಸ್ ಸರ್‌ಗೆ ಹೊಸ ವಿಸಿಟಿಂಗ್ ಕಾರ್ಡ್ ಮಾಡಿಸಬೇಕಾಯಿತು, ಆದರೂ ಬದಲಾವಣೆಗೆ ಮೊದಲು ಒಪ್ಪಿದವರು ಅವರೇ.

ಹೊರಗಿನ ಲೈನಿನ ಸೊನ್ನೆ

ಇಪಿಎಬಿಎಕ್ಸ್ ಕಾಲದಲ್ಲಿ ಹೊರಗೆ ಕರೆ ಮಾಡಲು ಮೊದಲು 0 ಒತ್ತಬೇಕಿತ್ತು. ಈಗ ಅದು ಬೇಡ. ಆದರೆ ಹಿರಿಯ ಸಹೋದ್ಯೋಗಿಗಳ ಬೆರಳಿಗೆ ಅದೇ ರೂಢಿ. ಅವರು 98ರಿಂದ ಶುರುವಾಗುವ ಮೊಬೈಲಿಗೆ ಹೊರಗಿನ ಲೈನಿಗೊಂದು, ಮೊಬೈಲಿಗೊಂದು ಅಂತ ಎರಡು ಸೊನ್ನೆ ಒತ್ತಿದರೆ ಅದು 0098, ಅಂದರೆ ಇರಾನ್! 0094 ಆದರೆ ಶ್ರೀಲಂಕಾ. ಸರ್ವರ್ ಊಹೆ ಮಾಡಿ ತಿದ್ದಲಿ ಎಂಬ ಸಲಹೆ ಬಂತು, ನಾನು ಒಪ್ಪಲಿಲ್ಲ. ಊಹೆ ತಪ್ಪಿದರೆ ಬಿಲ್ ವಿದೇಶದ್ದು. ನಮ್ಮ ಕೆಲಸಕ್ಕೆ ಬೇಕಾದ 00971 ಮತ್ತು 0044 ಮಾತ್ರ ಬಿಟ್ಟು ಉಳಿದ 00 ಕರೆಗಳಿಗೆ "ಒಂದು ಸೊನ್ನೆ ಸಾಕು, ದಯವಿಟ್ಟು ಮತ್ತೆ ಡಯಲ್ ಮಾಡಿ" ಎಂದು ಮೇಡಂ ದನಿಯಲ್ಲೇ ರೆಕಾರ್ಡ್ ಮಾಡಿ ಹಾಕಿದೆವು.

ಈ ತಡೆ ಇರುವುದು ಸರ್ವರ್‌ನಲ್ಲಿ, ಫೋನಿನಲ್ಲಲ್ಲ. ಫೋನಿನ ಮ್ಯಾಪ್ ಇರುವುದು ಒತ್ತುವವರ ಅನುಕೂಲಕ್ಕೆ. ಕರೆಪಟ್ಟಿಯಿಂದ ಮಾಡುವ ಕರೆಗೆ ಮ್ಯಾಪ್ ಅನ್ವಯಿಸಬೇಕೇ ಎಂಬುದಕ್ಕೇ ಬೇರೆ ಸೆಟ್ಟಿಂಗ್ ಇದೆ. ಕಾವಲನ್ನು ಅದರ ಮೇಲೆ ಹೊರಿಸಬಾರದು.

ತುರ್ತು ಕರೆ

112, 100, 101, 108 ಮೊದಲ ಸಾಲಿನಲ್ಲಿವೆ. ಯಾವುದಕ್ಕೂ ಟಿ ಇಲ್ಲ. ಹಳೆಯ ರೂಢಿಯಂತೆ ಮುಂದೆ ಸೊನ್ನೆ ಸೇರಿಸಿ ಒತ್ತಿದರೂ ಕರೆ ಹೋಗಬೇಕು, ಹಾಗಾಗಿ 0112 ಕೂಡ ಇದೆ. ದೆಹಲಿಯ (011) ಲ್ಯಾಂಡ್‌ಲೈನ್‌ಗಳೂ 0112 ಎಂದೇ ಶುರುವಾಗಬಹುದು, ಹಾಗಾಗಿ ಇದೊಂದಕ್ಕೆ ಮಾತ್ರ ಟಿ ಬೇಕು. 2013ರಲ್ಲಿ ಟೆಕ್ಸಾಸ್‌ನ ಹೋಟೆಲೊಂದರಲ್ಲಿ ಕಾರಿ ಹಂಟ್ ಎಂಬಾಕೆಯ ಕೊಲೆ ನಡೆದಾಗ ಅವರ ಒಂಬತ್ತು ವರ್ಷದ ಮಗಳು ಅಲ್ಲಿನ ತುರ್ತು ನಂಬರ್ 911 ಅನ್ನು ಮತ್ತೆ ಮತ್ತೆ ಒತ್ತಿದ್ದಳು. ಹೊರಗಿನ ಲೈನಿಗೆ ಮೊದಲು 9 ಒತ್ತಬೇಕೆಂದು ಆ ಮಗುವಿಗೆ ಗೊತ್ತಿರಲಿಲ್ಲ. ಮುಂದೆ ಬೇರೆ ಅಂಕಿ ಒತ್ತದೆ ನೇರವಾಗಿ 911 ಹೋಗಬೇಕು ಎನ್ನುವ, ಕಾರಿ ಅವರ ಹೆಸರಿನ ಕಾನೂನು ಅಮೆರಿಕದಲ್ಲಿ 2020ರ ಫೆಬ್ರವರಿ 16ರಿಂದ ಜಾರಿಯಲ್ಲಿದೆ. ಇಲ್ಲಿ ಯಾವ ಕಾನೂನೂ ಕೇಳದಿದ್ದರೂ ನಾನು ಈ ಸಾಲನ್ನು ಹೀಗೆಯೇ ಬರೆಯುತ್ತಿದ್ದೆ.

ಪರೀಕ್ಷೆಗೆಂದು 112ಕ್ಕೆ ಕರೆ ಮಾಡಬಾರದು. ಸರ್ವರ್‌ನಲ್ಲಿ ಆ ನಂಬರನ್ನು ಸ್ವಲ್ಪ ಹೊತ್ತು ನನ್ನ ಎಕ್ಸ್‌ಟೆನ್ಷನ್‌ಗೆ ತಿರುಗಿಸಿ, ಪ್ರತಿ ರೂಮಿನಿಂದಲೂ ಒತ್ತಿ ನೋಡಿ, ಮತ್ತೆ ಟ್ರಂಕ್‌ಗೆ (ಸರ್ವರ್‌ನಿಂದ ಹೊರಗೆ ಹೋಗುವ ಲೈನಿಗೆ) ಕೊಟ್ಟೆ.

ಉಳಿದಿರುವುದು

ಹುಬ್ಬಳ್ಳಿ ಶಾಖೆಯ ಫೋನ್ ಬೆಂಗಳೂರಿನ ಟ್ರಂಕ್ ಮೂಲಕವೇ ಹೊರಗೆ ಹೋಗುತ್ತದೆ. ಅಲ್ಲಿ ಯಾರಾದರೂ 112 ಒತ್ತಿದರೆ ಕರೆ ಬೆಂಗಳೂರಿನ ನಂಬರಿನಿಂದ ಹೊರಟಂತೆ ಕಾಣುತ್ತದೆ. ಅಲ್ಲಿಯ ಹಳೆಯ ಲ್ಯಾಂಡ್‌ಲೈನ್ ತೆಗೆಸಬೇಡಿ ಎಂದು ಕೇಳಿಕೊಂಡಿದ್ದೇನೆ. ಅದನ್ನು ನಮ್ಮ ಸರ್ವರ್‌ಗೆ ಜೋಡಿಸುವ ಸಾಧನವಾದ ಗೇಟ್‌ವೇ ಕೂಡಿಸಿ ತುರ್ತು ಕರೆಗಳನ್ನೆಲ್ಲ ಅದೇ ಲೈನಿನಿಂದ ಬಿಡಬೇಕು. ಗೇಟ್‌ವೇ ಬರುವವರೆಗೆ ಆ ಲೈನಿಗೆ ಬೇರೆಯೇ ಫೋನ್ ಇಟ್ಟು, ಮೇಲೆ "112ಕ್ಕೆ ಇದರಿಂದಲೇ ಕರೆ ಮಾಡಿ" ಎಂದು ಚೀಟಿ ಅಂಟಿಸಲು ಅಲ್ಲಿನವರಿಗೆ ಹೇಳಿದ್ದೇನೆ.