ಮಾಸ್ತಿಯವರು ‘ಮ’ದ ಸಾಲಿನಲ್ಲಿಯೇ ಸಿಗಬೇಕು

ಬಸವನಗುಡಿಯ ನಮ್ಮ ಮನೆಯಲ್ಲಿ ಅಮ್ಮ ಈಗ ಹೆಚ್ಚಾಗಿ ಓದುವುದು ಟ್ಯಾಬ್ಲೆಟ್‌ನಲ್ಲಿಯೇ. ಕಳೆದ ತಿಂಗಳು ನನ್ನಲ್ಲಿದ್ದ ಇ-ಪುಸ್ತಕಗಳನ್ನೆಲ್ಲ, ಅವುಗಳನ್ನು ಜೋಡಿಸಿಡುವ ಕ್ಯಾಲಿಬರ್ ಎಂಬ ತಂತ್ರಾಂಶದಿಂದ ಅದರ ಮೆಮೊರಿ ಕಾರ್ಡಿಗೆ ಉಳಿಸಿಕೊಟ್ಟಿದ್ದೆ. ಮರುದಿನ ಅವರು ‘ಮ’ ಅಕ್ಷರದ ಫೋಲ್ಡರುಗಳನ್ನು ಎರಡೆರಡು ಸಲ ನೋಡಿ, “ಮಾಸ್ತಿ ಅವರದ್ದು ಒಂದೂ ಹಾಕಿಲ್ವಲ್ಲೋ” ಎಂದರು. ಪುಸ್ತಕಗಳು ಇದ್ದವು, ಆದರೆ ‘ಅಯ್ಯಂಗಾರ್, ಮಾಸ್ತಿ ವೆಂಕಟೇಶ’ ಎಂಬ ಫೋಲ್ಡರಿನೊಳಗೆ, ‘ಅ’ಕಾರದ ಸಾಲಿನಲ್ಲಿ.

ಸೆಟ್ಟಿಂಗ್ ಬದಲಿಸದಿದ್ದರೆ ಕ್ಯಾಲಿಬರ್ ಲೇಖಕರ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತಂದು ಅಲ್ಪವಿರಾಮ ಹಾಕುತ್ತದೆ. ದ. ರಾ. ಬೇಂದ್ರೆಯವರಿಗೆ ಇದು ಹೊಂದುತ್ತದೆ. ಊರಿನ ಹೆಸರಿನಿಂದಲೇ ನಾವು ಕರೆಯುವ ಮಾಸ್ತಿಯವರಿಗಾಗಲಿ, ಮೂರಕ್ಷರದಲ್ಲಿಯೇ ನೆನೆಯುವ ಡಿ.ವಿ.ಜಿ.ಯವರಿಗಾಗಲಿ ಹೊಂದುವುದಿಲ್ಲ. ಆದ್ದರಿಂದ ಲೇಖಕರ ಪಟ್ಟಿಯನ್ನು ತೆರೆದು, ಓದುಗರು ಯಾವ ಹೆಸರಿನಿಂದ ಹುಡುಕುತ್ತಾರೋ ಅದನ್ನೇ ಒಬ್ಬೊಬ್ಬರ ಸಾರ್ಟ್ ಹೆಸರಾಗಿ, ಅಂದರೆ ಜೋಡಣೆಗೆ ಬಳಸುವ ಹೆಸರಾಗಿ, ತುಂಬಿದೆ. ಒಮ್ಮೆ ತಿದ್ದಿದರೆ ಆ ಲೇಖಕರ ಎಲ್ಲ ಪುಸ್ತಕಗಳಿಗೂ ಅದು ಅನ್ವಯವಾಗುತ್ತದೆ. ಎರಡು ಸಂಜೆ ಹಿಡಿದ ಈ ಕೆಲಸವನ್ನು ಯಾವ ತಂತ್ರಾಂಶವೂ ನಮ್ಮ ಪರವಾಗಿ ಮಾಡಲಾರದು ಎಂದು ನನಗೆ ಅನ್ನಿಸಿತು.

ಉಳಿಸುವಾಗ ಫೈಲು, ಫೋಲ್ಡರುಗಳ ಹೆಸರು ಹೇಗಿರಬೇಕೆಂದು ಹೇಳುವ ಟೆಂಪ್ಲೇಟ್‌ನಲ್ಲಿ ಓರೆಗೆರೆ (/) ಹಾಕಿದಲ್ಲೆಲ್ಲ ಹೊಸ ಫೋಲ್ಡರ್ ಹುಟ್ಟುತ್ತದೆ. ನಾನು ಮೊದಲು ಲೇಖಕರ ಸಾರ್ಟ್ ಹೆಸರು, ಅದರೊಳಗೆ ಸರಣಿ, ಕೊನೆಗೆ ಸಂಪುಟದ ಸಂಖ್ಯೆ ಮತ್ತು ಶೀರ್ಷಿಕೆ ಎಂದು ಇಟ್ಟುಕೊಂಡಿದ್ದೇನೆ. ಸಂಖ್ಯೆಯನ್ನು 01, 02 ಎಂದು ಎರಡು ಅಂಕಿಗಳಲ್ಲಿ ಬರೆಯದಿದ್ದರೆ, ಅಕ್ಷರಾನುಕ್ರಮವನ್ನಷ್ಟೇ ನೋಡುವ ಆ್ಯಪ್‌ಗಳಲ್ಲಿ 1ರ ನಂತರ 10 ಬಂದು, 2 ಅದಕ್ಕಿಂತ ಕೆಳಗೆ ನಿಲ್ಲುತ್ತದೆ. ಕನ್ನಡ ಅಂಕಿಗಳನ್ನು ಬಳಸುವ ಆಸೆಯಿತ್ತು. ಆದರೆ ಪ್ರತಿ ಅಕ್ಷರಕ್ಕೂ ಒಂದು ಕ್ರಮಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅವುಗಳ ಸ್ಥಾನ ಕನ್ನಡ ಅಕ್ಷರಗಳ ನಂತರ ಇರುವುದರಿಂದ, ಅಂಥ ಆ್ಯಪ್‌ಗಳಲ್ಲಿ ‘೧’ ಎಂದು ಆರಂಭವಾಗುವ ಫೈಲು ‘ಹ’ಕಾರದ ಫೈಲುಗಳಿಗಿಂತಲೂ ಕೆಳಗೆ ಹೋಗುತ್ತದೆ. ಇಂಗ್ಲಿಷಲ್ಲದ ಅಕ್ಷರಗಳನ್ನು ರೋಮನ್ ಲಿಪಿಗೆ ತಿರುಗಿಸುವ ಆಯ್ಕೆಯನ್ನಂತೂ ತೆಗೆದುಹಾಕಿದೆ. ಕನ್ನಡದ ಪುಸ್ತಕಕ್ಕೆ ಕನ್ನಡದಲ್ಲಿಯೇ ಹೆಸರಿರಬೇಕು.

ಇಷ್ಟಾದ ಮೇಲೂ ‘ಕಾರ್ನಾಡ್, ಗಿರೀಶ’ ಎಂಬ ಫೋಲ್ಡರುಗಳು ಎರಡು ಕಾಣಿಸಿದವು, ಕಣ್ಣಿಗೆ ಯಾವ ವ್ಯತ್ಯಾಸವೂ ಇಲ್ಲದೆ. ಒಂದು ಹೆಸರನ್ನು ‘ಕಾರ್ನಾಡ್‌ರ’ ಎಂಬ ಪದದಿಂದ ಕತ್ತರಿಸಿ ಅಂಟಿಸಿದ್ದೆ. ‘ಡ್’ ಮತ್ತು ‘ರ’ ಕೂಡಿ ಒತ್ತಕ್ಷರವಾಗದಂತೆ ತಡೆಯುವ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ ಅದೃಶ್ಯ ಸಂಕೇತವೂ ಅದರ ಬಾಲದಲ್ಲಿ ಬಂದಿತ್ತು. ಆ ಹೆಸರನ್ನು ಪೂರ್ತಿ ಅಳಿಸಿ, ಕೈಯಾರೆ ಮತ್ತೆ ಟೈಪಿಸಿ ಉಳಿಸಿದಾಗ ಎರಡು ಫೋಲ್ಡರುಗಳು ಒಂದಾದವು.