ಕಿರ್ದಿಯಲ್ಲಿ ಉಳಿದ ಆಟಗಳು

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಪುಟ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಅಮೆರಿಕದಲ್ಲಿ ನಾನು ಕೆಲಸ ಮಾಡಿದ ಸೇತುವೆಗಳ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬಹುದು. ಸೇತುವೆಗಳ ವಿಷಯದಲ್ಲಿ ಹೇಳುವುದು ಹೆಚ್ಚೇನಿಲ್ಲ. ಅವು ಬಿದ್ದಿಲ್ಲ, ಅಷ್ಟೆ. ಮೂವತ್ತೈದು ವರ್ಷಗಳಿಗೂ ಹೆಚ್ಚು ಕಾಲ ನಾನು ತಪ್ಪದೆ ಮಾಡಿಕೊಂಡು ಬಂದ ಕೆಲಸ ಬೇರೆಯದೇ ಇದೆ. ಅದು ಲಾರೆನ್ಸ್ ಎಂಬ ಊರಿನ ಕ್ಯಾನ್ಸಸ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಪ್ರತಿಯೊಂದು ಆಟದ ಲೆಕ್ಕವನ್ನು ಕಿರ್ದಿ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಡುವುದು.

ಆ ಕಿರ್ದಿಯ ಹುಟ್ಟು ನಮ್ಮ ಕಾಲೇಜಿನಲ್ಲೇ ಆಯಿತು. ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ತಂದೆಯವರು, ನಾನು ಹಾಸ್ಟೆಲಿಗೆ ಹೊರಟಾಗ ಖರ್ಚು ಬರೆದಿಡಲೆಂದು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕವೊಂದನ್ನು ಕೊಟ್ಟಿದ್ದರು. ಖರ್ಚು ಮಾಡಲು ಹಣವೇ ಇಲ್ಲದಿದ್ದುದರಿಂದ ಪುಸ್ತಕ ಖಾಲಿ ಉಳಿದು, ಕಾಲೇಜಿನ ವಾಲಿಬಾಲ್ ತಂಡದ ಅಂಕಗಳನ್ನು ಬರೆಯಲು ಒದಗಿತು. ನಾನು ಆಟಗಾರನಲ್ಲ, ತಂಡದ ಜೊತೆ ಬಸ್ಸಿನಲ್ಲಿ ಹೋಗಿ, ನೀರಿನ ಕೊಡ ಹೊತ್ತು, ಅಂಕ ಬರೆಯುವವನು. ಅಂತರ ಕಾಲೇಜು ಫೈನಲ್‌ನಲ್ಲಿ ಐದನೆಯ ಸೆಟ್‌ನಲ್ಲಿ ಸೋತ ದಿನ ಆ ಪುಟವನ್ನು ಹರಿದುಹಾಕಬೇಕೆನಿಸಿತ್ತು. ರಜೆಗೆ ಊರಿಗೆ ಹೋದಾಗ ತಂದೆಯವರಿಗೆ ಹಾಗೆಂದು ಹೇಳಿದೆ. ಹಾಳೆ ಹರಿದ ಕಿರ್ದಿಯನ್ನು ಯಾವ ಮಂಡಿಯಲ್ಲೂ ನಂಬುವುದಿಲ್ಲವೆಂದು ಹೇಳಿ ಅವರು ಊಟಕ್ಕೆ ಎದ್ದರು.

1986ರ ಆಗಸ್ಟ್‌ನಲ್ಲಿ ಉನ್ನತ ವ್ಯಾಸಂಗಕ್ಕೆಂದು ಲಾರೆನ್ಸಿಗೆ ಹೋದಾಗ, ಪೆಟ್ಟಿಗೆಯ ತಳದಲ್ಲಿ ಆ ಪುಸ್ತಕವೂ ಇತ್ತು. ಮೌಂಟ್ ಓರಿಯಡ್ ಎಂಬ ಗುಡ್ಡದ ನೆತ್ತಿಯ ಮೇಲೆ ಹರಡಿಕೊಂಡಿರುವ ಆ ವಿಶ್ವವಿದ್ಯಾಲಯದಲ್ಲಿ ಎಲ್ಲಿ ನೋಡಿದರೂ ಒಂದು ವಿಚಿತ್ರ ಹಕ್ಕಿಯ ಚಿತ್ರ ಕಾಣುತ್ತಿತ್ತು: ನೀಲಿ ಮೈ, ಹಳದಿ ಕೊಕ್ಕು, ಕಾಲಿಗೆ ಬೂಟು. ಜೇಹಾಕ್ ಎಂಬ ಆ ಹಕ್ಕಿ ಜಗತ್ತಿನ ಯಾವ ಮರದ ಮೇಲೂ ಕೂತಿಲ್ಲ. 1912ರಲ್ಲಿ ವಿದ್ಯಾರ್ಥಿಯೊಬ್ಬ ಅದಕ್ಕೆ ಬೂಟು ತೊಡಿಸಿ ಬರೆದ ಚಿತ್ರದಿಂದ ಅದರ ರೂಪ ನೆಲೆಗೊಂಡಿತು. ಹೆಸರಿನ ಮೂಲ ಮಾತ್ರ ತಮಾಷೆಯದಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿಯನ್ನು ವಿರೋಧಿಸಿದ ಕ್ಯಾನ್ಸಸ್‌ನ ಹೋರಾಟಗಾರರನ್ನು ಜೇಹಾಕರ್ ಎಂದು ಕರೆಯುತ್ತಿದ್ದರು. 1863ರ ಆಗಸ್ಟ್ 21ರಂದು ನೆರೆಯ ಮಿಸೌರಿಯ ಕಡೆಯಿಂದ ಕ್ವಾಂಟ್ರಿಲ್‌ನ ದಂಡು ನುಗ್ಗಿ ಲಾರೆನ್ಸನ್ನು ಸುಟ್ಟು, ನೂರೈವತ್ತರಷ್ಟು ಗಂಡಸರನ್ನೂ ಹುಡುಗರನ್ನೂ ಕೊಂದಿತು. ಮಿಸೌರಿ ವಿಶ್ವವಿದ್ಯಾಲಯದೊಡನೆ ಆಟವೆಂದರೆ ಆ ಊರಿನವರ ಮುಖ ಏಕೆ ಬಿಗಿಯುತ್ತದೆಂಬುದು ಇದನ್ನು ತಿಳಿದ ಮೇಲೆಯೇ ನನಗೆ ಅರ್ಥವಾಯಿತು.

ನನಗೆ ಈ ಚರಿತ್ರೆಯನ್ನೆಲ್ಲ ಉಣಬಡಿಸಿದವರು ನಮ್ಮ ವಿಭಾಗದ ಕಾಂಕ್ರೀಟ್ ಪ್ರಯೋಗಾಲಯದ ಮೇಲ್ವಿಚಾರಕರು. ಐವತ್ತರ ಅಂಚಿನಲ್ಲಿದ್ದ ಅವರನ್ನು ನಾನು ಒಂದು ವರ್ಷವಿಡೀ ‘ಸರ್’ ಎಂದು ಕರೆದು ಮುಜುಗರಕ್ಕೀಡುಮಾಡಿದೆ. ನಾನು ಬಂದ ಮೊದಲ ಚಳಿಗಾಲದಲ್ಲಿ ಅವರು ನನ್ನನ್ನು ಆಟಕ್ಕೆ ಕರೆದೊಯ್ಯುವುದಕ್ಕೆ ಮೊದಲು ಸ್ಮಶಾನಕ್ಕೆ ಕರೆದೊಯ್ದರು. ಅಲ್ಲಿ ಜೇಮ್ಸ್ ನೈಸ್ಮಿತ್ ಅವರ ಸಮಾಧಿ ಇದೆ. 1891ರ ಡಿಸೆಂಬರ್‌ನಲ್ಲಿ, ಮೆಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಿನಲ್ಲಿ, ಹೊರಗೆ ಆಡಲಾಗದ ಚಳಿಯಲ್ಲಿ ಹುಡುಗರನ್ನು ಒಳಗೇ ಆಡಿಸಲು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಬಡಿದು, 13 ನಿಯಮಗಳನ್ನು ಬರೆದು ಬಾಸ್ಕೆಟ್‌ಬಾಲನ್ನು ಹುಟ್ಟುಹಾಕಿದವರು ಅವರೇ. 1898ರಲ್ಲಿ ಲಾರೆನ್ಸಿಗೆ ಬಂದು, ಅಲ್ಲಿನ ಮೊದಲ ತಂಡವನ್ನು ಕಟ್ಟಿ, 1939ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರು ತರಬೇತುದಾರರಾಗಿದ್ದ ಕಾಲದ ಲೆಕ್ಕ ಹೀಗಿದೆ: ಗೆಲುವು 55, ಸೋಲು 60. ಕ್ಯಾನ್ಸಸ್ ತಂಡದ ತರಬೇತುದಾರರ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವವರು, ಆಟವನ್ನು ಕಂಡುಹಿಡಿದ ಆ ಮಹಾನುಭಾವರೊಬ್ಬರೇ. ಈ ಸಂಖ್ಯೆಯನ್ನು ಅಲ್ಲಿ ಯಾರೂ ಮುಚ್ಚಿಡುವುದಿಲ್ಲ; ಹೊಸಬರಿಗೆ ಮೊದಲು ಹೇಳುವುದೇ ಅದನ್ನು. ಅಂದು ರಾತ್ರಿ ಕೋಣೆಗೆ ಬಂದು ಕಿರ್ದಿಯಲ್ಲಿ ಹೊಸ ಪುಟ ತೆರೆದು ‘55–60’ ಎಂದು ಬರೆದೆ. ನನ್ನ ಭಕ್ತಿ ಆರಂಭವಾದದ್ದು ಅಲ್ಲಿಂದ.

ನೈಸ್ಮಿತ್ ಅವರ ಶಿಷ್ಯ ಫಾರೆಸ್ಟ್ ಅಲೆನ್ ಬೇಸ್‌ಬಾಲ್ ಅಂಪೈರ್ ಆಗಿದ್ದಾಗ ಮಂಜಿನಲ್ಲಿ ಹಡಗುಗಳು ಊದುವ ಕಹಳೆಯಂತೆ ಅವರ ಗಂಟಲು ಮೊಳಗುತ್ತಿದ್ದುದರಿಂದ ‘ಫಾಗ್’ ಎಂಬ ಅಡ್ಡಹೆಸರು ಪಡೆದಿದ್ದರು. ಬಾಸ್ಕೆಟ್‌ಬಾಲನ್ನು ಆಡಬಹುದೇ ಹೊರತು ಕಲಿಸಲಾಗದೆಂದು ಗುರುಗಳು ಹೇಳಿದರೆಂದೂ, ಶಿಷ್ಯರು ಆ ಮಾತನ್ನು ಸುಳ್ಳು ಮಾಡಿದರೆಂದೂ ಪ್ರತೀತಿ. 1952ರಲ್ಲಿ ಕ್ಯಾನ್ಸಸ್ ತಂಡದ ತರಬೇತುದಾರರಾಗಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಅಲೆನ್, 1956ರಲ್ಲಿ ಎಪ್ಪತ್ತರ ವಯೋಮಿತಿಯ ಕಾರಣಕ್ಕೆ ನಿವೃತ್ತರಾಗಬೇಕಾಯಿತು. ಅವರ ಕೈಕೆಳಗೆ ಆಡಿದ ಅಡಾಲ್ಫ್ ರಪ್ ಕೆಂಟಕಿಯಲ್ಲಿ, ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾದಲ್ಲಿ ಮಹಾ ತರಬೇತುದಾರರಾದರು. ನಮ್ಮ ಸಂಗೀತಗಾರರು ಗುರುಪರಂಪರೆಯನ್ನು ಹೇಳಿಕೊಳ್ಳುವಂತೆ, ಲಾರೆನ್ಸಿನವರು ಈ ಶಿಷ್ಯಸಂತತಿಯನ್ನು ಬೆರಳು ಮಡಚಿ ಎಣಿಸಬಲ್ಲರು.

ಅಲೆನ್ ಅವರ ಹೆಸರಿನ ಕ್ರೀಡಾಂಗಣ 1955ರ ಮಾರ್ಚ್ 1ರಂದು ತೆರೆಯಿತು. ಸುಣ್ಣಕಲ್ಲಿನ ಆ ಕಟ್ಟಡ ಹೊರಗಿನಿಂದ ಉಗ್ರಾಣದಂತೆ ಕಂಡರೂ, ಒಳಗೆ ಹದಿನೈದು ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಸೀಟಿಗಾಗಿ ಗುಂಪುಗುಂಪಾಗಿ ಸರದಿ ಕಾದ ವಿದ್ಯಾರ್ಥಿಗಳು, ಎದುರಾಳಿ ತಂಡದವರ ಹೆಸರುಗಳನ್ನು ಕೂಗುವಾಗ ಎಲ್ಲರೂ ಪತ್ರಿಕೆ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು ಓದುವಂತೆ ನಟಿಸುತ್ತಾರೆ. ತಮ್ಮ ತಂಡ ಬಂದೊಡನೆ ಅದನ್ನೇ ಚೂರುಚೂರು ಮಾಡಿ ಮೇಲಕ್ಕೆ ತೂರುತ್ತಾರೆ. ಗೆಲುವು ಖಚಿತವಾದಾಗ ‘ರಾಕ್ ಚಾಕ್, ಜೇಹಾಕ್, ಕೆಯು’ ಎಂಬ ಘೋಷ ಏಳುತ್ತದೆ. 1886ರಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬೈಲಿ ರಚಿಸಿದ ಘೋಷದಿಂದ ಬಂದದ್ದು ಅದು. ಗುಡ್ಡದ ಸುಣ್ಣದ ಕಲ್ಲಿನ ಹೆಸರನ್ನೇ ತಿರುಗುಮುರುಗು ಮಾಡಿ ಪ್ರಾಸಕ್ಕೆ ಹೊಂದಿಸಿಕೊಂಡಿದ್ದಾರೆ. ಎರಡು ಸಲ ವಿಲಂಬದಲ್ಲಿ, ಮೂರು ಸಲ ದ್ರುತದಲ್ಲಿ. ಮೊದಲ ಬಾರಿ ಕೇಳಿದಾಗ, ಇದು ಕೂಗೋ ಪಾರಾಯಣವೋ ಎಂದು ತಿಳಿಯದೆ ನಾನು ಎದ್ದು ನಿಂತಿದ್ದೆ.

1987–88ರ ಋತುವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತವರಿನಲ್ಲಿ ಸತತ 55 ಆಟ ಗೆದ್ದಿದ್ದ ತಂಡ, 1988ರ ಜನವರಿ 30ರಂದು ಅದೇ ರಾಜ್ಯದ ಕ್ಯಾನ್ಸಸ್ ಸ್ಟೇಟ್ ತಂಡದೆದುರು 72–61ರಿಂದ ಸೋತಿತು. ನಾನು ಮೇಲಿನ ಸಾಲಿನಲ್ಲಿ ಕುಳಿತಿದ್ದೆ. ಆ ವಾರ ತಂದೆಯವರಿಗೆ ಬರೆದ ಕಾಗದದಲ್ಲಿ ‘ನಾವು ಸೋತೆವು’ ಎಂದು ಬರೆದದ್ದು, ‘ನೀನು ಯಾವಾಗ ಆಡಿದೆ? ಓದು ಹೇಗಿದೆ?’ ಎಂಬ ಅವರ ಉತ್ತರ ಬಂದ ಮೇಲೆಯೇ ನನ್ನ ಗಮನಕ್ಕೆ ಬಂತು. ಅಲ್ಲಿಯವರೆಗೆ ‘ಅವರು’ ಆಗಿದ್ದ ತಂಡ, ಒಂದು ಗೆಲುವಿನಿಂದಲ್ಲ, ಆ ಸೋಲಿನಿಂದ ‘ನಾವು’ ಆಗಿತ್ತು. ಸ್ನಾನಗೃಹದ ಪರದೆಗಳನ್ನು ಜೋಡಿಸಿ, ‘ಒಳಬರುವವರೆಲ್ಲ ಗಮನಿಸಿ, ಫಾಗ್ ಬಗ್ಗೆ ಎಚ್ಚರ’ ಎಂಬರ್ಥದ ದೊಡ್ಡ ಫಲಕವನ್ನು ವಿದ್ಯಾರ್ಥಿಗಳು ಮೊದಲು ತೂಗುಬಿಟ್ಟದ್ದೂ ಆ ವರ್ಷವೇ.

ಹನ್ನೊಂದು ಸೋಲುಗಳನ್ನು ಹೊತ್ತುಕೊಂಡು ರಾಷ್ಟ್ರೀಯ ಪಂದ್ಯಾವಳಿಗೆ ಹೋದ ಆ ತಂಡದಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಆದರೆ ಲ್ಯಾರಿ ಬ್ರೌನ್ ಅವರ ತರಬೇತಿಯಲ್ಲಿ, ಡ್ಯಾನಿ ಮ್ಯಾನಿಂಗ್ ಎಂಬ ಎತ್ತರದ ಆಟಗಾರನ ಹೆಗಲ ಮೇಲೆ ಕುಳಿತಂತೆ ಅದು ಫೈನಲ್ ತಲುಪಿತು. ದಾರಿಯಲ್ಲಿ ಕ್ಯಾನ್ಸಸ್ ಸ್ಟೇಟ್ ಮತ್ತೆ ಎದುರಾಗಿ ಈ ಸಲ ಸೋತಿತು. ಏಪ್ರಿಲ್ 4ರಂದು, ಲಾರೆನ್ಸಿನಿಂದ ಒಂದು ಗಂಟೆಯೂ ಆಗದ ದಾರಿಯ ಕ್ಯಾನ್ಸಸ್ ಸಿಟಿಯಲ್ಲಿ ಬಲಿಷ್ಠ ಒಕ್ಲಹೋಮದೊಡನೆ ನಡೆದ ಫೈನಲ್‌ನಲ್ಲಿ ಅರ್ಧ ಆಟಕ್ಕೆ 50–50, ಮುಗಿದಾಗ 83–79. ಮ್ಯಾನಿಂಗ್ 31 ಅಂಕ ಗಳಿಸಿ, 18 ಬಾರಿ ಪುಟಿದ ಚೆಂಡನ್ನು ಹಿಡಿದಿದ್ದರು. ಟಿಕೆಟ್ಟಿಗೆ ಹಣವಿಲ್ಲದ ನಾನು ಮೇಲ್ವಿಚಾರಕರ ಮನೆಯಲ್ಲಿ ಟಿವಿಯ ಮುಂದೆ ಕುಳಿತಿದ್ದೆ. ಮರುದಿನ ನನ್ನ ಪ್ರಬಂಧದ ಮೊದಲ ಕರಡು ಒಪ್ಪಿಸಬೇಕಿತ್ತೆಂಬುದು ಮೂರು ದಿನಗಳ ನಂತರ ನೆನಪಾಯಿತು. ಅದೇ ವರ್ಷ, ಆಟಗಾರರನ್ನು ಸೆಳೆಯುವಾಗ ನಿಯಮ ಮೀರಿದ್ದಕ್ಕಾಗಿ, ಮರುವರ್ಷದ ಪಂದ್ಯಾವಳಿಯಲ್ಲಿ ಆಡುವಂತಿಲ್ಲವೆಂಬ ಶಿಕ್ಷೆಯೂ ಬಂತು. ಕಿರ್ದಿಯಲ್ಲಿ ಅದಕ್ಕೂ ಒಂದು ಸಾಲು ಇದೆ.

ಮೇಲ್ವಿಚಾರಕರಿಗೆ ಮಾತ್ರ 1988ಕ್ಕಿಂತ 1957 ಹತ್ತಿರದ್ದು. ಆ ವರ್ಷ ವಿದ್ಯಾರ್ಥಿಯಾಗಿದ್ದ ಅವರು, ಅದೇ ಕ್ಯಾನ್ಸಸ್ ಸಿಟಿಯಲ್ಲಿ ವಿಲ್ಟ್ ಚೇಂಬರ್ಲಿನ್ ಕ್ಯಾನ್ಸಸ್ ಪರವಾಗಿ ಆಡಿದ ಫೈನಲನ್ನು ಕಣ್ಣಾರೆ ಕಂಡಿದ್ದರು. ಮೂರು ಹೆಚ್ಚುವರಿ ಅವಧಿಗಳ ನಂತರ ನಾರ್ತ್ ಕ್ಯಾರೊಲಿನಾ 54–53ರಿಂದ ಗೆದ್ದ ಆ ಆಟವನ್ನು ಅವರು ನನಗೆ ಹತ್ತು ಸಲವಾದರೂ ಹೇಳಿರಬೇಕು; ಪ್ರತಿ ಸಲವೂ ಕೊನೆಯ ನಿಮಿಷದಲ್ಲಿ ಧ್ವನಿ ತಗ್ಗುತ್ತಿತ್ತು. ಆ ಒಂದು ಅಂಕ ವಿಲ್ಟ್ ಅವರನ್ನೂ ಬಿಟ್ಟಿರಲಿಲ್ಲ. ಜಗದ್ವಿಖ್ಯಾತರಾದ ಮೇಲೂ ದಶಕಗಳ ಕಾಲ ಲಾರೆನ್ಸಿನಿಂದ ದೂರವೇ ಉಳಿದಿದ್ದ ಅವರು, 1998ರ ಜನವರಿ 17ರಂದು ತಮ್ಮ ವಿದ್ಯಾರ್ಥಿ ದಿನಗಳ ಕೋಟು ತೊಟ್ಟು ಅಲೆನ್ ಫೀಲ್ಡ್‌ಹೌಸಿನ ನಡುವೆ ಬಂದು ನಿಂತರು. ವಿಶ್ವವಿದ್ಯಾಲಯ ತನ್ನಿಂದಾಗಿ ಸೋತಿತೆಂಬ ಭಾವ ಅಷ್ಟು ವರ್ಷ ತಮ್ಮನ್ನು ಕಾಡಿತ್ತೆಂದು ಅವರು ಹೇಳಿಕೊಂಡಾಗ ಇಡೀ ಸಭಾಂಗಣ ಎದ್ದು ನಿಂತಿತು. ಆ ವೇಳೆಗೆ ಕ್ಯಾನ್ಸಸ್ ಸಿಟಿಯಲ್ಲಿ ನೌಕರಿಯಲ್ಲಿದ್ದ ನಾನೂ ಅಲ್ಲಿದ್ದೆ, ಪಕ್ಕದಲ್ಲಿ ಮೇಲ್ವಿಚಾರಕರಿದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ಮರುವರ್ಷ ವಿಲ್ಟ್ ತೀರಿಕೊಂಡರು.

ನಂತರದ ವರ್ಷಗಳನ್ನು ಬೇಗ ದಾಟುತ್ತೇನೆ. ಬ್ರೌನ್ ನಂತರ ತರಬೇತುದಾರರಾದ ರಾಯ್ ವಿಲಿಯಮ್ಸ್ 1991 ಮತ್ತು 2003ರ ಫೈನಲ್‌ಗಳಲ್ಲಿ ಸೋತು ನಾರ್ತ್ ಕ್ಯಾರೊಲಿನಾಕ್ಕೆ ಹೋದರು. ಅವರ ಜಾಗಕ್ಕೆ ಬಿಲ್ ಸೆಲ್ಫ್ ಬಂದರು. 2008ರ ಫೈನಲ್‌ನಲ್ಲಿ ಕೊನೆಯ ಎರಡು ನಿಮಿಷಗಳಲ್ಲಿ ಒಂಬತ್ತು ಅಂಕ ಹಿಂದಿದ್ದಾಗ ನಾನು ಟಿವಿ ಆರಿಸಿ ಹೊರಗೆ ಹೋದೆ. ಸೋಲುತ್ತಿದ್ದ ಆಟವನ್ನು ಉಳಿಸಿದ, ಮಾರಿಯೋ ಚಾಲ್ಮರ್ಸ್ ಎಸೆದ ಆ ಮೂರು ಅಂಕದ ಚೆಂಡನ್ನು ನೋಡದೆ ತಪ್ಪಿಸಿಕೊಂಡ ಏಕೈಕ ಕ್ಯಾನ್ಸಸ್ ಭಕ್ತ ನಾನೇ ಇರಬೇಕು. ನನ್ನ ಹೆಂಡತಿ ಇದನ್ನು ಬಂದವರಿಗೆಲ್ಲ ಹೇಳುತ್ತಾಳೆ. ಮೇಲ್ವಿಚಾರಕರು ಆ ಗೆಲುವನ್ನು ಕಂಡು ಮರುವರ್ಷ ಹೋದರು. 2012ರ ಫೆಬ್ರುವರಿಯಲ್ಲಿ, ಮಿಸೌರಿ ಬೇರೆ ಒಕ್ಕೂಟಕ್ಕೆ ಹೊರಡುವ ಮುಂಚಿನ ಕೊನೆಯ ಭೇಟಿಯಲ್ಲಿ, 19 ಅಂಕ ಹಿಂದಿದ್ದ ನಮ್ಮವರು 87–86ರಿಂದ ಗೆದ್ದಾಗ ಪಕ್ಕದ ಸೀಟಿನತ್ತ ತಿರುಗಿದೆ. ಅಲ್ಲಿ ಬೇರೆ ಯಾರೋ ಇದ್ದರು.

ಕಿರ್ದಿ ಬರೆಯುವವನಿಗೆ ನಿಜವಾಗಿ ಕಷ್ಟ ಕೊಟ್ಟದ್ದು ಸೋಲುಗಳಲ್ಲ, ಲೆಕ್ಕಕ್ಕೆ ಸಿಗದ ಸಂಗತಿಗಳು. 2020ರಲ್ಲಿ 28 ಗೆದ್ದು 3 ಸೋತು ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದಾಗ ಕೋವಿಡ್‌ನಿಂದ ಪಂದ್ಯಾವಳಿಯೇ ರದ್ದಾಯಿತು; ಆ ಪುಟದಲ್ಲಿ ತಾರೀಖು ಮಾತ್ರ ಇದೆ. 2022ರಲ್ಲಿ ಅರ್ಧ ಆಟಕ್ಕೆ 40–25ರಿಂದ ಹಿಂದಿದ್ದು ನಾರ್ತ್ ಕ್ಯಾರೊಲಿನಾವನ್ನು 72–69ರಿಂದ ಮಣಿಸಿದ ಸಂತೋಷ ಇನ್ನೂ ಆರದಿದ್ದಾಗ, 2017–18ರ ಹದಿನೈದು ಗೆಲುವುಗಳನ್ನು ದಾಖಲೆಯಿಂದ ತೆಗೆದುಹಾಕಬೇಕೆಂಬ ತೀರ್ಪು 2023ರಲ್ಲಿ ಬಂತು. ನಾನು ಹಾಳೆ ಹರಿಯಲಿಲ್ಲ. ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದೆ. ಇದಕ್ಕೆ ವಿರುದ್ಧವಾದ ಅನ್ಯಾಯವೂ ಒಂದಿದೆ. 1977ರಿಂದ 1981ರವರೆಗೆ ಕ್ಯಾನ್ಸಸ್ ಮಹಿಳಾ ತಂಡದಲ್ಲಿ ಆಡಿದ ಲಿನೆಟ್ ವುಡರ್ಡ್ 3,649 ಅಂಕ ಗಳಿಸಿದರು. ಆಗ ಮಹಿಳೆಯರ ಆಟಗಳನ್ನು ಬೇರೆ ಸಂಸ್ಥೆ ನಡೆಸುತ್ತಿದ್ದುದರಿಂದ ಅಧಿಕೃತ ದಾಖಲೆಯಲ್ಲಿ ಆ ಅಂಕಗಳು ದಶಕಗಳ ಕಾಲ ಸೇರಿರಲಿಲ್ಲ. 2024ರಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಆ ಸಂಖ್ಯೆಯನ್ನು ದಾಟಿದಾಗಲೇ ಬಹಳ ಜನರಿಗೆ ವುಡರ್ಡ್ ಹೆಸರು ತಿಳಿದದ್ದು. ಆಡಿದ್ದು ಆಡಿದ್ದೇ ಅಲ್ಲವೇ? ನನ್ನ ಕಿರ್ದಿಯಲ್ಲಿ ಅವು ಮೊದಲಿನಿಂದಲೂ ಜಮೆಯಾಗಿವೆ.

ನೈಸ್ಮಿತ್ ಕೈಯಾರೆ ತಿದ್ದಿದ, ಟೈಪ್ ಮಾಡಿದ ಎರಡು ಹಾಳೆಗಳ ಆ ಮೂಲ ನಿಯಮಗಳನ್ನು 2010ರ ಹರಾಜಿನಲ್ಲಿ ಹಳೆಯ ವಿದ್ಯಾರ್ಥಿ ಡೇವಿಡ್ ಬೂತ್ 43 ಲಕ್ಷ ಡಾಲರಿಗೆ ಕೊಂಡರು. ಕ್ರೀಡಾಂಗಣಕ್ಕೆ ಹೊಂದಿಕೊಂಡ ಕಟ್ಟಡದಲ್ಲಿ ಅವು ಈಗ ಗಾಜಿನ ಹಿಂದೆ ಇವೆ. ಅಲ್ಲಿ ನಿಂತಾಗಲೆಲ್ಲ ನನಗೆ ನಮ್ಮ ಕಾಲೇಜಿನ ಕಾರಿಡಾರ್ ನೆನಪಾಗುತ್ತದೆ. ವರ್ಷವರ್ಷದ ತಂಡಗಳ ಹೆಸರು ಬರೆದ ಮರದ ಹಲಗೆಗಳು ಅಲ್ಲಿದ್ದವು. ಹಿಂದಿನ ಸಲ ಸಮ್ಮಿಲನಕ್ಕೆ ಬಂದಾಗ ಗೋಡೆಗೆ ಹೊಸ ಬಣ್ಣ ಬಳಿದಿತ್ತು, ಹಲಗೆಗಳಿರಲಿಲ್ಲ. ಕೇಳಿದವರಿಗೆಲ್ಲ ಅವು ಇದ್ದವೆಂಬುದೇ ಹೊಸ ಸುದ್ದಿ.

ಆದ್ದರಿಂದ ಈ ಬರಹದ ಜೊತೆಗೆ, ಕಿರ್ದಿಯ ಮೊದಲ ಮೂರು ಪುಟಗಳ ನೆರಳಚ್ಚನ್ನು ಕಳಿಸುತ್ತಿದ್ದೇನೆ. 1984ರ ವಾಲಿಬಾಲ್ ತಂಡದ ಹೆಸರುಗಳು, ಆಡಿದ ಆಟಗಳು, ಐದನೆಯ ಸೆಟ್ಟಿನ ಆ ಸೋಲು, ಎಲ್ಲವೂ ಅದರಲ್ಲಿವೆ. ಹಾಸ್ಟೆಲ್ ಸೋರಿದ ಮಳೆಗಾಲವೊಂದರಲ್ಲಿ ಮಸಿ ಹರಡಿ ಎರಡು ಹೆಸರು ಅಳಿಸಿಹೋಗಿವೆ. ಒಬ್ಬ ಎಡಗೈಯಿಂದ ಸರ್ವ್ ಮಾಡುತ್ತಿದ್ದ, ಮೆಕ್ಯಾನಿಕಲ್ ವಿಭಾಗದವನು. ಇನ್ನೊಬ್ಬ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡೇ ಆಡುತ್ತಿದ್ದ. ಇವರು ಯಾರೆಂದು ಗೊತ್ತಿದ್ದವರು ಸಂಪಾದಕರಿಗೆ ತಿಳಿಸಿದರೆ, ಖಾಲಿ ಇರುವ ಆ ಎರಡು ಸಾಲುಗಳನ್ನು ತುಂಬುತ್ತೇನೆ.